ಜ್ವರ ಇಳಿದ ದಿನದ ಎಚ್ಚರ

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲದವರು ಕೇಳಿದಾಗ, ವಿಷಯವನ್ನು ಆರಿಸುವುದಕ್ಕೆ ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಾಲೆಯ ಪೂರ್ವೇತಿಹಾಸವನ್ನು ಬರೆಯಲು ನಮಗಿಂತ ಹಿರಿಯರಿದ್ದಾರೆ. ಸ್ತ್ರೀವಿದ್ಯೆಯ ಪ್ರಯೋಜನವನ್ನು ಹೊಗಳುವುದಕ್ಕಿಂತ, ಆ ವಿದ್ಯೆಯು ಒಂದು ಮನೆಯಲ್ಲಿ ಕಷ್ಟದ ಸಮಯಕ್ಕೆ ಹೇಗೆ ಉಪಯೋಗಕ್ಕೆ ಬರಬಹುದೆಂದು ತೋರಿಸುವುದೇ ಲೇಸೆಂದು ನಾವು ಎಣಿಸಿದೆವು. ಆದಕಾರಣ, ಜ್ವರದ ದಿನಗಳಲ್ಲಿ ರಕ್ತದೊಳಗಿನ ಕಿರುತಟ್ಟೆಗಳು ಕಡಿಮೆಯಾಗುವ ವಿಷಯವನ್ನು ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇವೆ. ವೈದ್ಯರು ತಮ್ಮ ಚೀಟಿಯಲ್ಲಿ ಪ್ಲೇಟ್‌ಲೆಟ್ ಎಂದು ಬರೆಯುವುದು ಇವನ್ನೇ. ನಾವು ವೈದ್ಯಶಾಸ್ತ್ರವನ್ನು ಕಲಿತವರಲ್ಲ. ಆದರೆ ಅಧ್ಯಾಪಕಿಯಾದವಳು ತಾನು ತಪ್ಪಿದ ಲೆಕ್ಕವನ್ನೇ ಮಕ್ಕಳಿಗೆ ಹೆಚ್ಚು ಚೆನ್ನಾಗಿ ಕಲಿಸಬಲ್ಲಳು. ಈ ವಿಷಯದಲ್ಲಿ ನಾವು ಒಮ್ಮೆ ತಪ್ಪಿದ್ದೇವೆ.

ನಡೆದ ಸಂಗತಿ

ಕೆಲವು ವರ್ಷಗಳ ಕೆಳಗೆ, ಮಳೆಗಾಲ ಮುಗಿಯುತ್ತ ಬಂದಿದ್ದಾಗ, ವಸತಿಗೃಹದಲ್ಲಿದ್ದ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಜ್ವರದಿಂದ ಮಲಗಿದಳು. ಆಕೆಯ ಊರು ಅಥಣಿ ತಾಲೂಕಿನ ಅನಂತಪುರದ ಕಡೆಯದು. ಮೈಯೆಲ್ಲ ಸುಡುವ ಜ್ವರ, ಕಣ್ಣುಗುಡ್ಡೆಗಳ ಹಿಂದೆ ನೋವು, ಎಲುಬು ಮುರಿದಂತೆ ಮೈಕೈ ಸೆಳೆತ. ವೈದ್ಯರಿಗೆ ತೋರಿಸಿದೆವು, ರಕ್ತಪರೀಕ್ಷೆಯಿಂದ ಡೆಂಗೀ ಜ್ವರವೆಂದು ತಿಳಿಯಿತು. ಮಾತ್ರೆ ಕೊಟ್ಟು, ನೀರು ಕುಡಿಸುತ್ತಿರಬೇಕೆಂದೂ ದಿನಾಲು ತೋರಿಸಬೇಕೆಂದೂ ಅವರು ಹೇಳಿ ಕಳುಹಿದರು. ನಾಲ್ಕು ದಿನ ಕಳೆದವು. ಐದನೆಯ ದಿನ ಬೆಳಿಗ್ಗೆ ವಸತಿಗೃಹದ ಮೇಲ್ವಿಚಾರಕಿಯು ನಗುಮುಖದಿಂದ ಬಂದು, “ಜ್ವರ ಬಿಟ್ಟಾವ್ರಿ ಅಕ್ಕಾವ್ರ, ಮೈ ತಣ್ಣಗ ಆಗೇದ” ಎಂದಳು. ನಾವು ದೇವರಿಗೆ ವಂದನೆ ಸಲ್ಲಿಸಿದೆವು. ಆ ದಿನ ವೈದ್ಯರ ಕಡೆಗೆ ಕರೆದೊಯ್ಯುವ ಅಗತ್ಯವಿಲ್ಲವೆಂದು ನಾವೇ ತೀರ್ಮಾನಿಸಿದೆವು. ಅಷ್ಟೇ ಅಲ್ಲ, ಮಲಗಿಯೇ ಇದ್ದರೆ ಮೈ ಜಡವಾದೀತು, ಎದ್ದು ತರಗತಿಯಲ್ಲಿ ಕುಳಿತುಕೊಳ್ಳಲಿ ಎಂದೂ ಹೇಳಿದೆವು.

ಮಧ್ಯಾಹ್ನದ ಬಿಡುವಿನಲ್ಲಿ ಆಕೆಯ ಗೆಳತಿಯೊಬ್ಬಳು ನಮ್ಮ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ತಲೆ ತಗ್ಗಿಸಿ ವಿಷಯ ಹೇಳಿದಳು. ಜ್ವರದ ಹುಡುಗಿಗೆ ತಿಂಗಳ ಸ್ರಾವವು ಅಕಾಲದಲ್ಲಿ ಆರಂಭವಾಗಿ, ಬೆಳಗಿನಿಂದ ಗಂಟೆಗೊಮ್ಮೆ ಬಟ್ಟೆ ಬದಲಿಸುತ್ತಿದ್ದಳಂತೆ. ಹೊಟ್ಟೆನೋವಿತ್ತು, ಎರಡು ಸಲ ವಾಂತಿಯಾಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ನಾವು ಓಡಿ ಹೋಗಿ ನೋಡಿದರೆ ಹುಡುಗಿಯ ಕೈಕಾಲು ನೀರಿನಂತೆ ತಣ್ಣಗಿದ್ದವು. ನಾಡಿ ಸಿಕ್ಕರೂ ಸಿಗದಷ್ಟು ಕ್ಷೀಣವಾಗಿತ್ತು. ಬೆಳಿಗ್ಗೆ ನಾವು ಯಾವುದನ್ನು ಗುಣವೆಂದು ತಿಳಿದು ಸಂತೋಷಪಟ್ಟೆವೋ ಆ ತಂಪು ಗುಣದ ತಂಪಾಗಿರಲಿಲ್ಲ.

ಅದೇ ಗಳಿಗೆಯಲ್ಲಿ ಆಕೆಯನ್ನು ಆಸ್ಪತ್ರೆಗೆ ಸಾಗಿಸಿದೆವು. ಆಕೆಯ ತಂದೆಯೂ ಸುದ್ದಿ ತಿಳಿದು ಬಂದರು. ಕಿರುತಟ್ಟೆಗಳ ಸಂಖ್ಯೆಯು ೩೮ ಸಾವಿರಕ್ಕೆ ಇಳಿದಿದೆ ಎಂಬ ಚೀಟಿಯನ್ನು ಹಿಡಿದು ಆ ಬಡಪಾಯಿ ರಕ್ತ ಕೊಡುವವರನ್ನು ಹುಡುಕುತ್ತ ರಾತ್ರಿಯೆಲ್ಲ ತಿರುಗಾಡಿದರು. ವೈದ್ಯರಾದರೋ ಆ ಸಂಖ್ಯೆಯ ಕಡೆಗೆ ಒಮ್ಮೆ ನೋಡಿ, ಹುಡುಗಿಯ ಬಳಿಯಲ್ಲಿಯೇ ಕುಳಿತು, ನಾಡಿಯನ್ನೂ ರಕ್ತದ ಒತ್ತಡವನ್ನೂ ಮೂತ್ರದ ಪ್ರಮಾಣವನ್ನೂ ಗಂಟೆಗಂಟೆಗೆ ಬರೆದಿಟ್ಟುಕೊಳ್ಳುತ್ತ, ಅಳೆದು ಅಳೆದು ಸಲಾಯಿನ್ ಏರಿಸಿದರು. ರಕ್ತದಾನಿಗಳು ಸಿದ್ಧರಾಗಿದ್ದರು, ಆದರೆ ಸ್ರಾವವು ತಾನಾಗಿ ಕಡಿಮೆಯಾದುದರಿಂದ ಅವರ ಅಗತ್ಯ ಬೀಳಲಿಲ್ಲ. ಎರಡು ದಿನಗಳಲ್ಲಿ ಗಂಡಾಂತರ ಕಳೆಯಿತು; ಸಂಖ್ಯೆಯೂ ತಾನಾಗಿಯೇ ಏರತೊಡಗಿತು. ದೇವರ ಕೃಪೆಯಿಂದ ಆ ಬಾಲಿಕೆಯು ಉಳಿದಳು. ಆದರೆ ಆ ಬೆಳಿಗ್ಗೆ ನಾವು ಹೇಳಿದ “ಎದ್ದು ಕುಳಿತುಕೊಳ್ಳಲಿ” ಎಂಬ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಕಿರುತಟ್ಟೆಗಳೆಂದರೆ ಏನು?

ನಮ್ಮ ರಕ್ತದಲ್ಲಿ ಕೆಂಪು ಕಣಗಳು, ಬಿಳಿಯ ಕಣಗಳು, ಕಿರುತಟ್ಟೆಗಳು ಎಂದು ಮೂರು ಬಗೆಯವು ತೇಲುತ್ತಿರುತ್ತವೆ. ನಮ್ಮ ಭಾಗದ ಜನರು ಡೆಂಗೀ ಬಂದಾಗ “ಬಿಳಿ ರಕ್ತ ಕಡಿಮೆಯಾಗಿದೆ” ಎನ್ನುತ್ತಾರೆ. ಇದು ತಪ್ಪು ಮಾತು. ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುವ ಬೇರೆಯೇ ಪಂಗಡದವು. ಡೆಂಗೀಯಲ್ಲಿ ಅವೂ ಕಡಿಮೆಯಾಗುವುದುಂಟು. ಆದರೆ ಜನರು ಭಯಪಡುವ ಸಂಖ್ಯೆಯು ಕಿರುತಟ್ಟೆಗಳದು. ಚೀಟಿಯನ್ನು ಓದುವಾಗ ಈ ಎರಡನ್ನೂ ಕಲಸಬಾರದು.

ಕಿರುತಟ್ಟೆಗಳು ಕೆಂಪು ಕಣಗಳಿಗಿಂತಲೂ ಸಣ್ಣವು. ಎಲುಬಿನ ಒಳಗಿನ ಮಜ್ಜೆಯಲ್ಲಿ ಬಹು ದೊಡ್ಡ ಕೋಶಗಳಿದ್ದು, ಅವುಗಳ ಅಂಚಿನಿಂದ ಚೂರುಚೂರಾಗಿ ಮುರಿದು ಬಂದವುಗಳೇ ಇವು. ೧೮೮೨ರಲ್ಲಿ ಇಟಲಿ ದೇಶದ ಬಿಝೊಜೆರೊ ಎಂಬ ಪಂಡಿತನು ರಕ್ತವು ಹೆಪ್ಪುಗಟ್ಟುವುದರಲ್ಲಿ ಇವುಗಳ ಕೆಲಸವನ್ನು ಸೂಕ್ಷ್ಮದರ್ಶಕದಿಂದ ನೋಡಿ ವಿವರಿಸಿದನು. ಮಜ್ಜೆಯ ದೊಡ್ಡ ಕೋಶಗಳಿಂದ ಇವು ಹುಟ್ಟುವುದನ್ನು ೧೯೦೬ರಲ್ಲಿ ಅಮೇರಿಕದ ಜೇಮ್ಸ್ ಹೋಮರ್ ರೈಟ್ ಎಂಬವನು ತಿಳಿಸಿದನು. ಆರೋಗ್ಯವಂತರ ಒಂದು ಘನ ಮಿಲಿಮೀಟರು ರಕ್ತದಲ್ಲಿ, ಅಂದರೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಹನಿಯಲ್ಲಿ, ಇವು ಸುಮಾರು ೧.೫ ಲಕ್ಷದಿಂದ ೪.೫ ಲಕ್ಷದವರೆಗೆ ಇರುತ್ತವೆ. ಒಂದೊಂದರ ಆಯುಸ್ಸು ಏಳರಿಂದ ಹತ್ತು ದಿನ. ಆದಕಾರಣ ಮಜ್ಜೆಯು ಪ್ರತಿದಿನವೂ ಸುಮಾರು ಹತ್ತು ಸಾವಿರ ಕೋಟಿ ಹೊಸ ಕಿರುತಟ್ಟೆಗಳನ್ನು ಮಾಡಿ ಕಳುಹಿಸುತ್ತಿರುತ್ತದೆ. ದೇಹದಲ್ಲಿರುವ ಒಟ್ಟು ಕಿರುತಟ್ಟೆಗಳಲ್ಲಿ ಮೂರನೆಯ ಒಂದು ಪಾಲು ಗುಲ್ಮದಲ್ಲಿ ತಂಗಿರುತ್ತದೆ.

ಇವುಗಳ ಕೆಲಸವನ್ನು ನಮ್ಮ ರೈತರ ಮಕ್ಕಳು ಸುಲಭವಾಗಿ ತಿಳಿಯಬಲ್ಲರು. ಕಬ್ಬಿನ ಹೊಲಕ್ಕೆ ನೀರು ಹಾಯಿಸುವಾಗ ಕಾಲುವೆಯ ದಂಡೆ ಎಲ್ಲಿಯಾದರೂ ಬಿರಿದರೆ, ಹತ್ತಿರದಲ್ಲಿದ್ದ ಆಳು ಮೊದಲು ಕೈಗೆ ಸಿಕ್ಕ ಮಣ್ಣನ್ನೂ ಹುಲ್ಲನ್ನೂ ಹಾಕಿ ಬಾಯಿ ಮುಚ್ಚುತ್ತಾನೆ; ಗಟ್ಟಿಯಾದ ಕಟ್ಟನ್ನು ಆಮೇಲೆ ಹಾಕುತ್ತಾರೆ. ರಕ್ತನಾಳ ಬಿರಿದಾಗ ಮೊದಲು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚುವ ಆಳುಗಳೇ ಕಿರುತಟ್ಟೆಗಳು.

ಜ್ವರದಲ್ಲಿ ಇವು ಏಕೆ ಕಡಿಮೆಯಾಗುತ್ತವೆ?

ಕಿರುತಟ್ಟೆಗಳು ಕಡಿಮೆಯಾಗುವುದು ಒಂದು ರೋಗವಲ್ಲ; ರೋಗದ ಒಂದು ಗುರುತು. ಡೆಂಗೀ, ಮಲೇರಿಯಾ, ಇಲಿಜ್ವರ, ವಿಷಮಶೀತ ಜ್ವರ, ರಕ್ತಕ್ಕೆ ನಂಜು ಏರುವ ತೀವ್ರ ವ್ಯಾಧಿಗಳು, ಇವೆಲ್ಲವುಗಳಲ್ಲಿಯೂ ಈ ಗುರುತು ಕಾಣಬಹುದು. ಕಾರಣಗಳು ಮೂರು ಬಗೆಯವು. ಮೊದಲನೆಯದಾಗಿ, ರೋಗಾಣುವು ಮಜ್ಜೆಯ ಕೆಲಸವನ್ನು ಕೆಲವು ದಿನ ಕುಗ್ಗಿಸುತ್ತದೆ. ಹೊಸ ಆಳುಗಳು ಬರುವುದಿಲ್ಲ. ಎರಡನೆಯದಾಗಿ, ರೋಗವನ್ನು ಎದುರಿಸಲು ದೇಹವು ಹೂಡಿದ ಅಸ್ತ್ರಗಳೇ ದಾರಿತಪ್ಪಿ ಕಿರುತಟ್ಟೆಗಳ ಮೇಲೆ ಬೀಳುತ್ತವೆ. ಮೂರನೆಯದಾಗಿ, ಕೆಲವು ರೋಗಗಳಲ್ಲಿ ಗುಲ್ಮವು ಉಬ್ಬಿ ಹೆಚ್ಚು ಕಿರುತಟ್ಟೆಗಳನ್ನು ತನ್ನಲ್ಲಿಯೇ ಹಿಡಿದಿಡುತ್ತದೆ. ಇನ್ನು ಕೆಲವು, ಕೆಟ್ಟ ರಕ್ತನಾಳಗಳ ಗೋಡೆಗೆ ಅಂಟಿ ವೆಚ್ಚವಾಗುತ್ತವೆ. ರೋಗವು ತಗ್ಗಿದೊಡನೆ ಮಜ್ಜೆಯು ಮತ್ತೆ ಕೆಲಸಕ್ಕೆ ತೊಡಗಿ, ಬಹುಮಂದಿಯಲ್ಲಿ ಯಾವ ಔಷಧವಿಲ್ಲದೆ ಸಂಖ್ಯೆಯನ್ನು ಮೊದಲಿನಂತೆ ತುಂಬಿಸುತ್ತದೆ.

ಜ್ವರ ಬಿಟ್ಟ ದಿನ

ಪೇತ್ರನ ಅತ್ತೆಯು ಜ್ವರದಿಂದ ಮಲಗಿದ್ದ ಸಂಗತಿಯನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಕರ್ತನು ಆಕೆಯನ್ನು ವಾಸಿಮಾಡಿದೊಡನೆ ಆಕೆ ಎದ್ದು ಮನೆಗೆ ಬಂದವರ ಸೇವೆಗೆ ನಿಂತಳು. ಅದು ದೇವರ ಕೈಯಿಂದ ಆದ ಪೂರ್ಣ ಸ್ವಸ್ಥತೆ. ಆದರೆ ನಮ್ಮ ಮನೆಗಳ ಸ್ತ್ರೀಯರು ಯಾವ ಜ್ವರ ಬಿಟ್ಟರೂ ಹಾಗೆಯೇ ಎದ್ದು ಒಲೆಯ ಮುಂದೆ ಕೂಡುವುದನ್ನು ಕರ್ತವ್ಯವೆಂದು ತಿಳಿದಿದ್ದಾರೆ. ಮನೆಯವರೂ ಅದನ್ನೇ ನಿರೀಕ್ಷಿಸುತ್ತಾರೆ. ಡೆಂಗೀ ಜ್ವರದ ವಿಷಯದಲ್ಲಿ ಈ ರೂಢಿಯು ಪ್ರಾಣಕ್ಕೆ ಎರವಾದೀತು.

ಈ ರೋಗದ ನಡೆಯನ್ನು ಮೂರು ಘಟ್ಟಗಳಾಗಿ ನೆನಪಿಡಬೇಕು. ಮೊದಲನೆಯದು ಜ್ವರದ ಘಟ್ಟ. ಎರಡರಿಂದ ಏಳು ದಿನ. ಎರಡನೆಯದು ಗಂಡಾಂತರದ ಘಟ್ಟ. ಇದು ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಜ್ವರವು ಇಳಿಯುವ ಹೊತ್ತಿನಲ್ಲಿಯೇ ಆರಂಭವಾಗಿ, ೨೪ರಿಂದ ೪೮ ತಾಸು ಇರುತ್ತದೆ. ಮೂರನೆಯದು ಚೇತರಿಕೆಯ ಘಟ್ಟ. ರೋಗ ತಗಲಿದವರಲ್ಲಿ ಬಹುಮಂದಿ ಎರಡನೆಯ ಘಟ್ಟವನ್ನು ತೊಂದರೆಯಿಲ್ಲದೆ ದಾಟುತ್ತಾರೆ. ಕೆಲವರಿಗೆ ಮಾತ್ರ ಅದು ಕಠಿಣವಾಗುತ್ತದೆ. ಯಾರಿಗೆ ಕಠಿಣವಾದೀತೆಂದು ಮೊದಲೇ ಹೇಳಲಾಗದ ಕಾರಣ ಎಲ್ಲರ ವಿಷಯದಲ್ಲಿಯೂ ಎಚ್ಚರ ಬೇಕು. ಡೆಂಗೀಯ ವಿಷಾಣುವಿನಲ್ಲಿ ನಾಲ್ಕು ಜಾತಿಗಳಿವೆ. ಒಮ್ಮೆ ಒಂದು ಜಾತಿಯಿಂದ ಜ್ವರ ಬಂದು ಹೋದವರಿಗೆ ಮತ್ತೊಮ್ಮೆ ಬೇರೆ ಜಾತಿಯಿಂದ ಬಂದಾಗ ರೋಗವು ಉಲ್ಬಣಿಸುವ ಸಂಭವ ಹೆಚ್ಚು. “ನಮಗೆ ಒಮ್ಮೆ ಬಂದುಹೋಗಿದೆ, ಇನ್ನು ಭಯವಿಲ್ಲ” ಎನ್ನುವವರು ಇದನ್ನು ಗಮನಿಸಬೇಕು.

ಗಂಡಾಂತರದ ಘಟ್ಟದಲ್ಲಿ ನಡೆಯುವುದೇನು? ಸೂಕ್ಷ್ಮ ರಕ್ತನಾಳಗಳ ಗೋಡೆಗಳು ಸಡಿಲವಾಗಿ, ರಕ್ತದೊಳಗಿನ ನೀರಿನ ಭಾಗವು ಎದೆಗೂ ಹೊಟ್ಟೆಗೂ ಸೋರುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣಿಸುವುದಿಲ್ಲ. ಒಳಗೆ ರಕ್ತವು ಮಂದವಾಗಿ, ಪ್ರಮಾಣದಲ್ಲಿ ಕಡಿಮೆಯಾಗಿ, ಹೃದಯವು ಅದನ್ನು ಕೈಕಾಲುಗಳಿಗೆ ತಲುಪಿಸಲಾರದೆ ಹೋಗುತ್ತದೆ. ಕೈಕಾಲು ತಣ್ಣಗಾಗುವುದು ಆ ಕಾರಣದಿಂದ. ಡೆಂಗೀಯ ಮರಣಗಳಲ್ಲಿ ಹೆಚ್ಚಿನವಕ್ಕೆ ಈ ಸೋರಿಕೆಯೇ ಮೂಲ. ಕಿರುತಟ್ಟೆಗಳ ಸಂಖ್ಯೆಯು ಅದೇ ದಿನಗಳಲ್ಲಿ ಬೇಗಬೇಗನೆ ಇಳಿಯುವುದರಿಂದ ಅದು ಸೋರಿಕೆಯ ಕಾಲ ಬಂತೆಂದು ಸಾರುವ ಗಂಟೆಯಂತೆ ಇದೆ. ಗಂಟೆಯ ಸಪ್ಪಳ ಕೇಳಿದವರು ಗಂಟೆಯನ್ನೇ ನೋಡುತ್ತ ನಿಲ್ಲಬಾರದು. ಸಂಖ್ಯೆಯು ಇಳಿಯುತ್ತ, ಅದೇ ಚೀಟಿಯಲ್ಲಿರುವ ಹೆಮಟೋಕ್ರಿಟ್ ಎಂಬ ಅಂಕಿಯು ಏರುತ್ತಿದ್ದರೆ ರಕ್ತವು ಮಂದವಾಗುತ್ತಿದೆ ಎಂದು ವೈದ್ಯರು ತಿಳಿಯುತ್ತಾರೆ. ಆದುದರಿಂದ ಹಳೆಯ ಚೀಟಿಗಳನ್ನೆಲ್ಲ ದಿನಾಂಕವಾರು ಜೋಡಿಸಿ ವೈದ್ಯರ ಮುಂದಿಡುವುದು ರೋಗಿಯ ಮನೆಯವರು ಮಾಡತಕ್ಕ ದೊಡ್ಡ ಸಹಾಯ.

ಸಂಖ್ಯೆಯ ಭಯ

ಸಂಖ್ಯೆಯು ಒಂದು ಲಕ್ಷಕ್ಕಿಂತ ಕೆಳಗೆ ಬಂದಿತೆಂದು ತಿಳಿದೊಡನೆ ಮನೆಯವರು ಧೈರ್ಯಗೆಡುತ್ತಾರೆ. ಸಾಲಮಾಡಿ, ಒಡವೆಯನ್ನು ಒತ್ತೆಯಿಟ್ಟು, ಕಿರುತಟ್ಟೆಗಳ ಚೀಲಗಳನ್ನು ಹುಡುಕುತ್ತ ಬೆಳಗಾವಿ, ಮಿರಜ, ಸಾಂಗಲಿಗಳಿಗೆ ಓಡುತ್ತಾರೆ. ೧೮೯೪ರಲ್ಲಿ ಡಾಕ್ಟರ್ ವಾನ್‌ಲೆಸ್ ಅವರು ಮಿರಜದಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ನಮ್ಮ ಗಡಿಯ ಜನರಿಗೆ ಆ ದಾರಿಯು ಪರಿಚಿತವಾದದ್ದು. ಅಗತ್ಯವಿದ್ದಾಗ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಯಾತಕ್ಕೆ ಹೋಗುತ್ತೇವೆಂಬುದನ್ನು ತಿಳಿದು ಹೋಗಬೇಕು.

ಕಿರುತಟ್ಟೆಗಳು ೫೦ ಸಾವಿರಕ್ಕೆ ಇಳಿದರೂ ಅನೇಕರಿಗೆ ರಕ್ತಸ್ರಾವವಾಗುವುದಿಲ್ಲ. ಸಂಖ್ಯೆಯು ೧೦ ಸಾವಿರಕ್ಕಿಂತಲೂ ಕೆಳಗಿಳಿದಾಗ, ಅಥವಾ ಸಂಖ್ಯೆ ಎಷ್ಟಿದ್ದರೂ ಹೆಚ್ಚಿನ ರಕ್ತಸ್ರಾವವಿದ್ದಾಗ, ಕಿರುತಟ್ಟೆಗಳನ್ನು ಏರಿಸುವ ವಿಚಾರವನ್ನು ವೈದ್ಯರು ಸಾಮಾನ್ಯವಾಗಿ ಮಾಡುತ್ತಾರೆ. ಸಿಂಗಪುರ ಮತ್ತು ಮಲೇಶಿಯಾಗಳ ಆಸ್ಪತ್ರೆಗಳಲ್ಲಿ ಸಂಖ್ಯೆ ೨೦ ಸಾವಿರ ಅಥವಾ ಅದಕ್ಕೂ ಕಡಿಮೆಯಿದ್ದು ರಕ್ತಸ್ರಾವವಿಲ್ಲದ ೩೭೨ ವಯಸ್ಕ ಡೆಂಗೀ ರೋಗಿಗಳನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿದರು. ಒಂದು ಪಂಗಡಕ್ಕೆ ಕಿರುತಟ್ಟೆಗಳನ್ನು ಏರಿಸಿದರು, ಇನ್ನೊಂದಕ್ಕೆ ಏರಿಸಲಿಲ್ಲ. ೨೦೧೭ರಲ್ಲಿ ಪ್ರಕಟವಾದ ಅದರ ಫಲವೇನೆಂದರೆ, ಏರಿಸಿದುದರಿಂದ ರಕ್ತಸ್ರಾವವು ತಪ್ಪಿತೆಂದು ಕಂಡುಬರಲಿಲ್ಲ. ಬದಲಾಗಿ ಮೈ ತುರಿಕೆ ಮೊದಲಾದ ಉಪದ್ರವಗಳು ಆ ಪಂಗಡದಲ್ಲಿ ಹೆಚ್ಚಾದವು. ಹೊರಗಿನಿಂದ ಕೊಟ್ಟ ಕಿರುತಟ್ಟೆಗಳೂ ರೋಗಿಯ ಮೈಯಲ್ಲಿ ಬೇಗನೆ ನಾಶವಾಗುತ್ತವೆ. ಬೇಡದ ದ್ರವವು ಮೈಯಲ್ಲಿ ಹೆಚ್ಚಿದರೆ ಉಸಿರಾಟಕ್ಕೆ ಕಷ್ಟವಾಗುತ್ತದೆ. ಆದುದರಿಂದ ವೈದ್ಯರು “ಈಗ ಬೇಡ” ಎಂದರೆ, ಅವರು ಅಲಕ್ಷ್ಯ ಮಾಡುತ್ತಾರೆಂದು ತಿಳಿದು ಜಗಳಕ್ಕೆ ನಿಲ್ಲಬಾರದು.

ಯಂತ್ರದ ಲೆಕ್ಕವೂ ಕೆಲವು ಸಲ ತಪ್ಪುತ್ತದೆ. ಶೀಶೆಯೊಳಗೆ ಕಿರುತಟ್ಟೆಗಳು ಗುಂಪುಗೂಡಿದರೆ ಯಂತ್ರವು ಗುಂಪನ್ನೇ ಒಂದೆಂದು ಎಣಿಸಿ ಸಂಖ್ಯೆಯನ್ನು ಬಹಳ ಕಡಿಮೆ ತೋರಿಸುತ್ತದೆ. ರೋಗಿಯು ಚೆನ್ನಾಗಿದ್ದು ಸಂಖ್ಯೆ ಮಾತ್ರ ವಿಪರೀತ ಕಡಿಮೆ ಕಂಡರೆ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ ಸೂಕ್ಷ್ಮದರ್ಶಕದಿಂದ ನೋಡಿಸುವುದು ವಾಡಿಕೆ.

ಪಪ್ಪಾಯಿ ಎಲೆಯ ರಸದ ಮಾತನ್ನೂ ಹೇಳಬೇಕು. ಅದರಿಂದ ಸಂಖ್ಯೆಯು ತುಸು ಬೇಗ ಏರುತ್ತದೆಂದು ಕೆಲವು ಸಣ್ಣ ಪರೀಕ್ಷೆಗಳಲ್ಲಿ ಕಂಡಿದೆಯಾದರೂ, ಅದು ಸೋರಿಕೆಯನ್ನು ತಡೆದು ಪ್ರಾಣ ಉಳಿಸುತ್ತದೆಂಬುದು ಸಿದ್ಧವಾಗಿಲ್ಲ. ಕಹಿ ರಸವನ್ನು ಬಲವಂತದಿಂದ ಕುಡಿಸಿ ವಾಂತಿ ಮಾಡಿಸುವುದರಿಂದಲೂ, ರಸ ಕೊಟ್ಟೆವೆಂಬ ಧೈರ್ಯದಿಂದ ಆಸ್ಪತ್ರೆಗೆ ಹೋಗಲು ತಡಮಾಡುವುದರಿಂದಲೂ ಕೇಡೇ ಹೆಚ್ಚು.

ಮನೆಯಲ್ಲಿ ಮಾಡತಕ್ಕದ್ದು

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದನ್ನೇ, ವೈದ್ಯರು ತೂಕಕ್ಕೆ ತಕ್ಕಂತೆ ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ಕೊಡಬಾರದು. ಅವು ಕಿರುತಟ್ಟೆಗಳ ಕೆಲಸವನ್ನು ಕೆಡಿಸಿ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜ್ವರ ಬೇಗ ಇಳಿಯಲೆಂದು ಸೊಂಟಕ್ಕೆ ಸೂಜಿ ಹಾಕಿಸುವುದೂ ಈ ರೋಗದಲ್ಲಿ ಬೇಡ. ಚುಚ್ಚಿದ ಸ್ಥಳದಲ್ಲಿ ರಕ್ತ ಕಟ್ಟೀತು. ಗಂಜಿ, ಮಜ್ಜಿಗೆ, ಎಳನೀರು, ಓ.ಆರ್.ಎಸ್. ನೀರು, ಬೇಳೆಯ ಕಟ್ಟು ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸುತ್ತಿರಬೇಕು.

ಜ್ವರ ಇಳಿದ ಮೇಲೆ ಎರಡು ದಿನ ಪೂರ್ತಿ ರೋಗಿಯನ್ನು ಕೆಲಸಕ್ಕೆ ಎಬ್ಬಿಸಕೂಡದು. ಆ ಎರಡು ದಿನಗಳಲ್ಲಿ ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು:

೧. ಬಿಡದೆ ಹೊಟ್ಟೆ ನೋಯುವುದು, ಮೇಲಿಂದ ಮೇಲೆ ವಾಂತಿಯಾಗುವುದು.
೨. ಮೂಗು ಅಥವಾ ವಸಡುಗಳಲ್ಲಿ ರಕ್ತ, ಕಪ್ಪು ಮಲ, ಚರ್ಮದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು.
೩. ಕೈಕಾಲು ತಣ್ಣಗಾಗಿ ಬೆವರುವುದು, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುವುದು.
೪. ಮಂಕು ಕವಿಯುವುದು, ಇಲ್ಲವೆ ಕಾರಣವಿಲ್ಲದೆ ಚಡಪಡಿಸುವುದು.
೫. ಆರು ತಾಸು ಕಳೆದರೂ ಮೂತ್ರವಾಗದಿರುವುದು.
೬. ಉಸಿರಾಡಲು ಕಷ್ಟ, ಹೊಟ್ಟೆಯ ಉಬ್ಬರ.

ಗರ್ಭಿಣಿಯರು, ಹಸುಗೂಸುಗಳು, ವೃದ್ಧರು, ಸಕ್ಕರೆಯ ರೋಗವುಳ್ಳವರು ಇವರ ವಿಷಯದಲ್ಲಿ ಮೊದಲ ದಿನದಿಂದಲೇ ವೈದ್ಯರ ಕಣ್ಣು ಇರಬೇಕು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು

ಮೇಲಿನ ಪಟ್ಟಿಯಲ್ಲಿ ಸೇರಬೇಕಾದ ಇನ್ನೊಂದು ಗುರುತನ್ನು ಬೇಕೆಂದೇ ಪ್ರತ್ಯೇಕವಾಗಿ ಹೇಳುತ್ತಿದ್ದೇವೆ. ಕಿರುತಟ್ಟೆಗಳು ಕಡಿಮೆಯಾದಾಗ ಪ್ರಾಯಕ್ಕೆ ಬಂದ ಹುಡುಗಿಯರಿಗೂ ಸ್ತ್ರೀಯರಿಗೂ ತಿಂಗಳ ಸ್ರಾವವು ಅಕಾಲದಲ್ಲಿ ಬರಬಹುದು, ಇಲ್ಲವೆ ಅತಿಯಾಗಿ ಹೋಗಬಹುದು. ಮೂಗಿನಿಂದ ಹನಿ ರಕ್ತ ಬಂದರೆ ಮನೆಯೆಲ್ಲ ಕೂಡಿಬರುತ್ತದೆ. ಇದು ಮಾತ್ರ ಬಚ್ಚಲುಮನೆಯ ಗುಟ್ಟಾಗಿಯೇ ಉಳಿಯುತ್ತದೆ. ಮನೆಯವರು ಕೇಳುವುದಿಲ್ಲ, ಹುಡುಗಿ ಹೇಳುವುದಿಲ್ಲ. ನಮ್ಮ ಆ ವಿದ್ಯಾರ್ಥಿನಿಯು ಮೌನವಾಗಿದ್ದುದಕ್ಕೆ ಆಕೆಯನ್ನು ದೂಷಿಸಲಾರೆವು. ನಾವು ಒಂದು ಸಲವಾದರೂ ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಅಂದಿನಿಂದ ನಮ್ಮ ವಸತಿಗೃಹದಲ್ಲಿ ಯಾವ ಹುಡುಗಿಗೆ ಜ್ವರ ಬಂದರೂ ಈ ಪ್ರಶ್ನೆಯನ್ನು ದಿನಕ್ಕೆರಡು ಸಲ ಕೇಳುವ ಪದ್ಧತಿಯನ್ನಿಟ್ಟಿದ್ದೇವೆ. ತಾಯಂದಿರೂ ಸಂಕೋಚವನ್ನು ಬಿಟ್ಟು ಹಾಗೆಯೇ ಕೇಳಬೇಕೆಂದು ಬಿನ್ನವಿಸುತ್ತೇವೆ.

ಇಂಥವೇ ಬೇರೆ ಜ್ವರಗಳು

ಜ್ವರ ಬಿಟ್ಟಿತೆಂದು ನಂಬಿ ಮೋಸಹೋಗುವುದು ಡೆಂಗೀಯಲ್ಲಿ ಮಾತ್ರವಲ್ಲ. ಮಲೇರಿಯಾದಲ್ಲಿಯೂ ಕಿರುತಟ್ಟೆಗಳು ಇಳಿಯುತ್ತವೆ. ಆ ಜ್ವರವು ದಿನ ಬಿಟ್ಟು ದಿನ ಬರುವುದುಂಟೆಂದು ಹಿರಿಯರೆಲ್ಲರಿಗೂ ಗೊತ್ತಿದೆ. ಸಂಖ್ಯೆ ಕಡಿಮೆಯಿದೆ ಎಂದೊಡನೆ ಡೆಂಗೀ ಎಂದೇ ತೀರ್ಮಾನಿಸದೆ ಮಲೇರಿಯಾಕ್ಕಾಗಿಯೂ ರಕ್ತವನ್ನು ಪರೀಕ್ಷಿಸಬೇಕು. ಏಕೆಂದರೆ ಡೆಂಗೀ ವಿಷಾಣುವನ್ನು ಕೊಲ್ಲುವ ನಿಶ್ಚಿತ ಔಷಧವಿಲ್ಲ, ಮಲೇರಿಯಾಕ್ಕೆ ಇದೆ.

ನಮ್ಮ ರಾಜ್ಯದಲ್ಲಿಯೇ ಮೊದಲು ಗುರುತಿಸಲ್ಪಟ್ಟ ಒಂದು ಜ್ವರವೂ ಈ ಗುಂಪಿಗೆ ಸೇರಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರಿಗೂ ಜ್ವರ ಹಬ್ಬಿತು. ಪುಣೆಯ ವಿಷಾಣು ಸಂಶೋಧನ ಕೇಂದ್ರದವರು ಅದರ ವಿಷಾಣುವನ್ನು ಕಂಡುಹಿಡಿದು, ಕಾಡಿನ ಉಣ್ಣೆಗಳಿಂದ ಅದು ಹರಡುವುದೆಂದು ತಿಳಿಸಿದರು. ಜನರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಅದರಲ್ಲಿಯೂ ಕಿರುತಟ್ಟೆಗಳು ಕಡಿಮೆಯಾಗಿ ರಕ್ತಸ್ರಾವವಾಗುವುದುಂಟು. ಕೆಲವು ರೋಗಿಗಳಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದ ಮೇಲೆ ಮತ್ತೊಮ್ಮೆ ಜ್ವರ ತಿರುಗಿ, ತಲೆನೋವು, ಮಂಕು ಮೊದಲಾದ ಮಿದುಳಿನ ಉಪದ್ರವಗಳು ಕಾಣುತ್ತವೆ. ಮಲೆನಾಡಿಗೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ನೆನಪಿನಲ್ಲಿಡಬೇಕು.

ನೀರಿನ ಪಾತ್ರೆಗಳು

ಬರುವ ರೋಗವನ್ನು ಬಾಗಿಲಲ್ಲಿಯೇ ತಡೆಯುವುದು ಎಲ್ಲಕ್ಕಿಂತ ಮೇಲು. ಡೆಂಗೀಯನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ; ಅದರ ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುತ್ತವೆ. ಅದು ಗಟಾರದ ಹೊಲಸು ನೀರನ್ನು ಬಿಟ್ಟು, ನಾವು ಕುಡಿಯಲೂ ಬಳಸಲೂ ತುಂಬಿಟ್ಟ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ.

ಮಳೆ ಹೆಚ್ಚಿದ ಊರಲ್ಲಿಯೇ ಸೊಳ್ಳೆ ಹೆಚ್ಚೆಂದು ತಿಳಿಯಬಾರದು. ಅಥಣಿ ತಾಲೂಕಿನ ದಕ್ಷಿಣಕ್ಕೆ ಕೃಷ್ಣೆ ಹರಿದರೂ ಗಡಿಯ ಕಡೆಯ ಹಳ್ಳಿಗಳಿಗೆ ಮಳೆ ಕಡಿಮೆ. ನಳದ ನೀರು ದಿನಾಲು ಬರುವುದೆಂಬ ಭರವಸೆಯಿಲ್ಲದ ಊರುಗಳಲ್ಲಿ ಗೃಹಿಣಿಯರು ಬಂದ ದಿನ ಕೊಡ, ಹಂಡೆ, ಬ್ಯಾರಲು, ಸಿಮೆಂಟಿನ ಟಾಕಿ ಎಲ್ಲವನ್ನೂ ತುಂಬಿಡುತ್ತಾರೆ. ಅದು ಜಾಣತನವೇ, ಆದರೆ ಮುಚ್ಚದಿದ್ದರೆ ಆ ಜಾಣತನವೇ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಅಂಚಿಗೆ ಪಾತ್ರೆಯ ಗೋಡೆಗೆ ಅಂಟಿಕೊಂಡಿದ್ದು, ನೀರು ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಉಳಿದು, ಮತ್ತೆ ನೀರು ತಗುಲಿದೊಡನೆ ಮರಿಯಾಗುತ್ತವೆ. ಆದಕಾರಣ ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ತುಂಬಿದ ಮೇಲೆ ಮುಚ್ಚಳವನ್ನೋ ಬಟ್ಟೆಯನ್ನೋ ಬಿಗಿಯಾಗಿ ಕಟ್ಟಬೇಕು. ತೊಳೆಯಲಾಗದ ದೊಡ್ಡ ಟಾಕಿಗಳಿಗೆ ಆರೋಗ್ಯ ಇಲಾಖೆಯವರು ಹಾಕುವ ಔಷಧವನ್ನೂ ಗಪ್ಪಿ ಮೀನುಗಳನ್ನೂ ಬೇಡವೆನ್ನಬಾರದು. ಹಿತ್ತಲಿನ ಒಡೆದ ಗಡಿಗೆ, ಹಳೆಯ ಟಾಯರು, ತೆಂಗಿನ ಕರಟ, ದನಗಳ ನೀರಿನ ಬಾನಿ ಇವುಗಳನ್ನೂ ನೋಡಬೇಕು. ಜ್ವರವಿದ್ದವರನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಏಕೆಂದರೆ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ನೆರೆಯವರಿಗೆ ರೋಗವನ್ನು ಒಯ್ಯುತ್ತದೆ.

೨೦೨೪ರಲ್ಲಿ ಕರ್ನಾಟಕದಲ್ಲಿ ೨೫ ಸಾವಿರಕ್ಕೂ ಮಿಕ್ಕಿ ಜನರಿಗೆ ಡೆಂಗೀ ತಗಲಿದುದು ಪರೀಕ್ಷೆಯಿಂದ ತಿಳಿದುಬಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರಕಾರವು ಇದನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಎಡೆಗೊಡುವ ಮನೆ, ಅಂಗಡಿ, ಕಟ್ಟಡಗಳ ಒಡೆಯರಿಗೆ ದಂಡವನ್ನೂ ವಿಧಿಸಿತು. ದಂಡದ ಭಯವು ಪೇಟೆಯ ಬೀದಿಯನ್ನು ಶುಚಿಮಾಡೀತು. ಹಿತ್ತಲಿನ ಹಂಡೆಯನ್ನು ಮನೆಯ ಹೆಣ್ಣುಮಗಳ ತಿಳಿವಳಿಕೆಯೇ ಶುಚಿಮಾಡಬೇಕು.

ಕೊನೆಯ ಮಾತು

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ತಾಯಂದಿರು, ಸೊಸೆಯರು, ಅಧ್ಯಾಪಕಿಯರು, ದಾದಿಯರು. ಈ ಶಾಲೆಯಲ್ಲಿ ನೀವು ಉಷ್ಣಮಾಪಕವನ್ನು ಓದಲು ಕಲಿತಿರಿ. ಅದರ ಪಾದರಸ ಕೆಳಗಿಳಿದಾಗ ಪಾಠವು ಮುಗಿಯಿತೆಂದು ನಾವೂ ತಿಳಿದಿದ್ದೆವು, ಮುಗಿದಿರಲಿಲ್ಲ. ಜ್ವರ ಇಳಿದ ದಿನ ರೋಗಿಯ ಕೈಯನ್ನು ಹಿಡಿದು ನೋಡಿರಿ: ಬೆಚ್ಚಗಿದೆಯೋ ತಣ್ಣಗಿದೆಯೋ? ಮೂತ್ರವಾಯಿತೇ ಎಂದು ಕೇಳಿರಿ. ಹೆಣ್ಣುಮಗಳಾಗಿದ್ದರೆ ಕೇಳಲು ಸಂಕೋಚವಾಗುವ ಆ ಒಂದು ಪ್ರಶ್ನೆಯನ್ನೂ ಕೇಳಿರಿ. ಸಂಖ್ಯೆಯ ಚೀಟಿಯನ್ನು ಓದುವುದು ವೈದ್ಯರ ಕೆಲಸ. ಹಾಸಿಗೆಯಲ್ಲಿ ಮಲಗಿರುವವರ ಮುಖವನ್ನು ಓದುವುದು ನಿಮ್ಮ ಕೆಲಸ.

ಆಸ್ಪತ್ರೆಯಿಂದ ತಿರುಗಿ ಬಂದ ಮೇಲೆ ಆ ಬಾಲಿಕೆಯು ಹತ್ತನೆಯ ತರಗತಿಯನ್ನು ಮುಗಿಸಿ, ದಾದಿಯ ಶಿಕ್ಷಣಕ್ಕೆ ಸೇರಿದಳು. ಕಳೆದ ಸಲ ನಮ್ಮನ್ನು ಕಾಣಲು ಬಂದಾಗ ತಾನು ಜ್ವರದ ವಾರ್ಡಿನಲ್ಲಿ ಕೆಲಸ ಕಲಿಯುತ್ತಿರುವುದಾಗಿ ಹೇಳಿದಳು. ಜ್ವರ ಇಳಿದ ಹುಡುಗಿಯರ ಹಾಸಿಗೆಗೆ ತಾನು ಮೊದಲು ಹೋಗುತ್ತೇನೆಂದೂ ಹೇಳಿದಳು. ಈ ಲೇಖನವನ್ನು ಓದಿದ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಹಾಗೆಯೇ ಮಾಡುವಂತೆ ದೇವರು ಎಲ್ಲರಿಗೂ ಬುದ್ಧಿಯನ್ನೂ ತಾಳ್ಮೆಯನ್ನೂ ದಯಪಾಲಿಸಲೆಂದು ಪ್ರಾರ್ಥಿಸುತ್ತೇವೆ.